ಕಾಣಿಕೆ ತಟ್ಟೆಯ ನೀಲಿ ಮುದ್ರೆ

ನಮ್ಮ ಎಲ್ಮ್ ಫೋರ್ಕ್ ಊರಿನ ಜನಕ್ಕೆ ಒಂದು ಕಾಯಿಲೆ ಇದೆ. ಯಾರಿಗೂ ಮುಖಕ್ಕೆ ಮುಖ ಕೊಟ್ಟು ಏನನ್ನೂ ಹೇಳಲಾರೆವು. ಪಕ್ಕದ ಮನೆಯ ಹಿತ್ತಿಲಿಗೆ ಬೆಂಕಿ ಬಿದ್ದದ್ದು ಕಂಡರೆ ಹೋಗಿ ಬಾಗಿಲು ತಟ್ಟುತ್ತೇವೆ. ಚಳಿಯ ಬಗ್ಗೆ ಮಾತಾಡುತ್ತೇವೆ. ಕಾಫಿ ಬೇಡ ಎಂದು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ಕುಡಿಯುತ್ತೇವೆ. ಹೊರಡುವಾಗ ಬಾಗಿಲಲ್ಲಿ ನಿಂತು ಟೊಪ್ಪಿ ಹಾಕಿಕೊಳ್ಳುತ್ತಾ, "ಹಿಂದ್ಗಡೆ ಸ್ವಲ್ಪ ಬೆಚ್ಚಗಿರೋ ಹಾಗಿದೆ, ಪುರುಸೊತ್ತಾದಾಗ ನೋಡಿ" ಎನ್ನುತ್ತೇವೆ. ಮಿನೆಸೋಟಾದಲ್ಲಿ ಇದಕ್ಕೆ ಸಭ್ಯತೆ ಎಂದು ಹೆಸರು.

ಈ ಸಭ್ಯತೆ ಇಲ್ಲದ ಊರಿನಲ್ಲಿ ಹುಟ್ಟಿದ್ದರೆ ಆರ್ವಿಡ್ ಸ್ಟೆನ್ಸ್‌ರುಡ್‌ಗೆ ಆ ಗತಿ ಬರುತ್ತಿರಲಿಲ್ಲ. "ಏನಯ್ಯಾ, ಕಾಣಿಕೆ ತಟ್ಟೆಗೆ ಯಾಕೆ ಕೈ ಹಾಕ್ದೆ?" ಎಂದು ಯಾರಾದರೂ ಒಬ್ಬರು ಕೇಳಿಬಿಟ್ಟಿದ್ದರೆ ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಯಾರೂ ಕೇಳಲಿಲ್ಲ. ಚರ್ಚಿನಲ್ಲಿ ಅವನ ಎದುರು ಸಾಲಿನಲ್ಲಿ ಇನ್ನೊಂದು ತಟ್ಟೆ ಹಿಡಿದು ನಿಲ್ಲುವವನು ನಾನು, ನಾನೂ ಕೇಳಲಿಲ್ಲ.

ಆರ್ವಿಡ್ ಧಾನ್ಯದ ಗೋದಾಮಿನಲ್ಲಿ ಗಾಡಿಗಳ ತೂಕ ಹಾಕಿ ನಿವೃತ್ತನಾದವನು. ಉದ್ದ ಕುತ್ತಿಗೆ, ದಪ್ಪ ಕನ್ನಡಕ, ಮಾತು ಕಡಿಮೆ. ಅವನಿಗೆ ಹಿಡಿದ ಹುಚ್ಚು ಬೆಳ್ಳಿ ನೋಟಿನದು. ಇದನ್ನು ತಂದುಕೊಟ್ಟವನಿಗೆ ಕೇಳಿದ ಕೂಡಲೆ ಒಂದು ಡಾಲರಿನಷ್ಟು ಬೆಳ್ಳಿ ಕೊಡುತ್ತೇವೆ ಎಂದು ಸರ್ಕಾರ ಒಂದು ಕಾಲದಲ್ಲಿ ನೋಟಿನ ಮೇಲೆಯೇ ಅಚ್ಚು ಹಾಕಿಸಿತ್ತು. ಆ ನೋಟಿನ ಮುದ್ರೆ ಈಗಿನದರ ಹಾಗೆ ಹಸಿರಲ್ಲ, ನೀಲಿ. ಅರವತ್ತರ ದಶಕದ ಕೊನೆಗೆ ಬೆಳ್ಳಿ ಕೊಡುವುದನ್ನು ನಿಲ್ಲಿಸಿದರು. ಅಲ್ಲಿಗೆ ಮಾತು ಜನರ ಕೈಯಲ್ಲಿ ಉಳಿಯಿತು, ಬೆಳ್ಳಿ ಸರ್ಕಾರದ ಕೈಯಲ್ಲಿ ಉಳಿಯಿತು. ಅಂಗಡಿಗೆ ಒಯ್ದರೆ ಇವತ್ತಿಗೂ ಅದಕ್ಕೆ ಒಂದು ಡಾಲರಿನ ಸಾಮಾನು ಸಿಗುತ್ತದೆ, ಒಂದು ಕಡಲೆಬೀಜವೂ ಹೆಚ್ಚು ಸಿಗುವುದಿಲ್ಲ. ಆದರೂ ಈ ನಡೆಸಿಕೊಡದ ಮಾತನ್ನು ಕೂಡಿಡುವ ಜನ ಇದ್ದಾರೆ. ನಮ್ಮೂರಿನಲ್ಲಿ ಅವರು ತಿಂಗಳಿಗೊಮ್ಮೆ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸೇರಿ, ಭೂತಗನ್ನಡಿ ಹಿಡಿದು, ಒಬ್ಬರ ನೋಟನ್ನು ಇನ್ನೊಬ್ಬರು ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ.

ಆ ಸಂಘದ ಅಧ್ಯಕ್ಷ ಡ್ವೇನ್ ಲಾಫ್‌ಗ್ರೆನ್. ಊರಿನ ವಿಮೆ ಏಜೆಂಟ್. ಅವನ ಬಳಿ ಗರಿ ಮುಡಿದ ಮೂಲನಿವಾಸಿ ಇಂಡಿಯನ್ ನಾಯಕನ ಚಿತ್ರವಿರುವ ಐದು ಡಾಲರಿನ ಬೆಳ್ಳಿ ನೋಟಿತ್ತು. ನೂರು ವರ್ಷ ಹಳೆಯದು, ಕರವಸ್ತ್ರದಷ್ಟು ದೊಡ್ಡದು. ಅದನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿ ಹಸುಗೂಸಿನ ಹಾಗೆ ಎದೆಗವಚಿಕೊಂಡು ತರುತ್ತಿದ್ದ. ಒಂದು ಸಭೆಯಲ್ಲಿ ಆರ್ವಿಡ್‌ನ ಆಲ್ಬಮ್ ತಿರುವಿ ಹಾಕಿ, "ಬರೀ ಒಂದರ ನೋಟು ತಾನೆ ಇದು? ನಮ್ಮಜ್ಜಿ ಬೈಬಲ್ಲಲ್ಲಿ ಗುರುತಿಗೆ ಇಡ್ತಿದ್ರು" ಎಂದ. ಎಲ್ಲರೂ ನಕ್ಕರು. ಆರ್ವಿಡ್ ತಲೆ ತಗ್ಗಿಸಿ ಆಲ್ಬಮ್ ಮುಚ್ಚಿದ. ಅಷ್ಟಕ್ಕೇ ಸುಮ್ಮನಿರಬೇಕಿತ್ತು.

"ಈಸ್ಟರ್ ಆದ್ಮೇಲೆ ನೋಟಿನ ಪ್ರದರ್ಶನ ಇದೆಯಲ್ಲ, ಬಾ" ಎಂದುಬಿಟ್ಟ ಆರ್ವಿಡ್. "ನೀನು ಹುಟ್ಟಿದಾಗಿಂದ ನೋಡಿರದೇ ಇರೋದನ್ನ ತೋರಿಸ್ತೀನಿ."

ಈ ಮಾತಿನ ಹಿಂದೆ ಹೌಗನ್ ಅಜ್ಜಿ ಇದ್ದಳು. ಅಜ್ಜಿಗೆ ತೊಂಬತ್ತರ ಹತ್ತಿರ, ಕಿವಿ ಮಂದ, ಚರ್ಚಿನಲ್ಲಿ ಆರ್ವಿಡ್‌ನ ಸಾಲಿನ ಮೂರನೆಯ ಬೆಂಚು. ನಮಗೆಲ್ಲ ಚಿಕ್ಕಂದಿನಲ್ಲಿ ಭಾನುವಾರದ ಪಾಠ ಹೇಳಿಕೊಟ್ಟವಳು. ಅವಳ ಗಂಡ ಪಾಲ್ಮರ್ ಸತ್ತ ಮೇಲೆ ಅವನ ಒಳಅಂಗಿಗಳ ಡ್ರಾಯರಿನಲ್ಲಿ ಒಂದು ಕಟ್ಟು ಸಿಕ್ಕಿತು. ಬೆಳ್ಳಿ ನೋಟು ನಿಂತುಹೋಗುವ ಸುದ್ದಿ ಬಂದ ಕಾಲದಲ್ಲಿ ಅವನು ಬ್ಯಾಂಕಿನಿಂದ ತಂದಿಟ್ಟು ಮರೆತದ್ದು: ಒಂದೂ ಮಡಿಕೆ ಬೀಳದ ನೂರು ನೋಟು, ಒಂದರ ಹಿಂದೆ ಒಂದು ನಂಬರು, ಸುತ್ತ ಬ್ಯಾಂಕಿನ ಕಾಗದದ ಪಟ್ಟಿ. ನೋಟಿನ ಹಿಂಬದಿಯಲ್ಲಿ ನಾವು ದೇವರನ್ನು ನಂಬಿದ್ದೇವೆ ಎಂದು ಅಚ್ಚಾಗಿತ್ತು. ಗಂಡ ಇದನ್ನು ಚರ್ಚಿಗೇ ಎತ್ತಿಟ್ಟಿದ್ದಾನೆ ಎಂದು ಅಜ್ಜಿ ತೀರ್ಮಾನಿಸಿ, ಭಾನುವಾರಕ್ಕೊಂದರಂತೆ ಮೇಲಿನಿಂದ ಎಳೆದು ಕಾಣಿಕೆ ಹಾಕತೊಡಗಿದಳು.

ಮೊದಲ ನೀಲಿ ಮುದ್ರೆ ತಟ್ಟೆಗೆ ಬಿದ್ದಾಗ ಆರ್ವಿಡ್ ಅದರ ನಂಬರನ್ನು ಬಾಯಿಪಾಠ ಮಾಡಿಕೊಂಡನಂತೆ. ಮುಂದಿನ ವಾರ ಅದರ ಮುಂದಿನ ನಂಬರು ಬಂತು. ಅದರ ಮುಂದಿನ ವಾರ ಅದರ ಮುಂದಿನದು. ಪ್ರಾರ್ಥನೆ ಮುಗಿದ ಮೇಲೆ ಕಾಫಿ ಕುಡಿಯುವಾಗ ಪಾಲ್ಮರ್‌ನ ಅಚ್ಚುಕಟ್ಟುತನವನ್ನು ಹೊಗಳಿ ಹೊಗಳಿ ಅವನು ಅಜ್ಜಿಯ ಬಾಯಿಂದಲೇ ಕಟ್ಟಿನ ವಿಷಯ ಹೊರಡಿಸಿದ. ಪಟ್ಟಿಯೂ ಹಾಗೇ ಇದೆ ಎಂದಳು. ಒಂದು ನಂಬರೂ ತಪ್ಪದ ಪೂರ್ತಿ ಕಟ್ಟನ್ನು ಸಂಘದಲ್ಲಿ ಯಾರೂ ಕಂಡಿರಲಿಲ್ಲ. ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ.

ಅಜ್ಜಿಯನ್ನೇ ಕೇಳಿ ಕೊಂಡುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅಜ್ಜಿ ಒಂದು ಬಲ್ಬು ಕೊಳ್ಳುವುದಕ್ಕೂ ತನ್ನ ವಿಮೆ ಏಜೆಂಟನನ್ನು ಕೇಳುವವಳು. ಆ ಏಜೆಂಟ್ ಲಾಫ್‌ಗ್ರೆನ್. ಕಾಣಿಕೆಯೆಲ್ಲ ಎಣಿಕೆಗೆ ಹೋದ ಮೇಲೆ ಬದಲಾಯಿಸಿಕೊಳ್ಳಬಹುದಿತ್ತಲ್ಲ ಎಂದರೆ, ಎಣಿಸುವ ಖಜಾಂಚಿಯೂ ಲಾಫ್‌ಗ್ರೆನ್. ನಮ್ಮದು ಸಣ್ಣ ಊರು, ಇರುವ ನಾಲ್ಕು ಜನರೇ ಎಲ್ಲ ಕುರ್ಚಿಯಲ್ಲೂ ಕೂರುತ್ತಾರೆ. ಹಾಗಾಗಿ ನೋಟು ಮೂರನೆಯ ಬೆಂಚಿಗೂ ಲಾಫ್‌ಗ್ರೆನ್‌ನ ಕೈಗೂ ನಡುವೆ ಎಲ್ಲೋ ಮಾಯವಾಗಬೇಕಿತ್ತು. ಆರ್ವಿಡ್ ಪ್ರತಿ ವಾರ ತಟ್ಟೆ ಹಿಡಿಯುವ ಮೊದಲೇ ಅದರೊಳಗೆ ತನ್ನದೊಂದು ಐದರ ನೋಟು ಹಾಕುತ್ತಿದ್ದ. ಸಾಲು ಮುಗಿಸಿ ಹಿಂದಿನ ಮೂಲೆಗೆ, ಕೋಟು ನೇತುಹಾಕುವ ಜಾಗಕ್ಕೆ ಬಂದಾಗ ನೀಲಿ ಮುದ್ರೆಯನ್ನು ಎರಡು ಬೆರಳಲ್ಲಿ ಎತ್ತಿ ಹಾಡಿನ ಪುಸ್ತಕದೊಳಗೆ ಇಡುತ್ತಿದ್ದ. ಒಂದಕ್ಕೆ ಐದು. ದೇವರಿಗೆ ಇಂಥ ಗಿರಾಕಿ ದಿನಾ ಸಿಗುವುದಿಲ್ಲ.

ಹೀಗೆ ಎರಡು ವರ್ಷದ ಹತ್ತಿರ ನಡೆಯಿತು. ಕಟ್ಟು ಮುಗಿಯುತ್ತಾ ಬಂದಿತ್ತು. ಅಜ್ಜಿಗೆ ಒಂದು ಕೆಮ್ಮು ಬಂದರೆ ಆರ್ವಿಡ್ ಮನೆಗೆ ಹೋಗಿ ಅವಳ ಕಿಟಕಿಗಳ ಸಂದಿಗೆ ಕಾಗದ ತುರುಕಿ ಬರುತ್ತಿದ್ದ. ಕೊನೆಯ ನೋಟು ಸರಿಯಾಗಿ ಈಸ್ಟರ್ ಭಾನುವಾರಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿಟ್ಟಿದ್ದ. ಮರು ಶನಿವಾರ ಪ್ರದರ್ಶನ. ಲಾಫ್‌ಗ್ರೆನ್‌ನ ಮೋರೆ ಹೇಗಾಗುತ್ತದೆ ಎಂದು ಕನ್ನಡಿಯ ಮುಂದೆ ನಿಂತು ಮಾಡಿ ನೋಡಿಕೊಳ್ಳುತ್ತಿದ್ದ ಎಂದು ಅವನ ಹೆಂಡತಿ ಆಮೇಲೆ ಹೇಳಿದಳು.

ನವೆಂಬರಿನ ಒಂದು ಭಾನುವಾರ ಲವಾನ್ ಬಾಕಿ ಮೇಲಿನ ಅಟ್ಟದಲ್ಲಿ ಹಾಡುವವರ ಜೊತೆ ನಿಂತಿದ್ದವಳು ಕನ್ನಡಕ ಒರೆಸಿಕೊಂಡು ಕೆಳಗೆ ನೋಡಿದಳು. ಲವಾನ್ ಎಂದರೆ ನಮ್ಮ ಮಹಿಳಾ ಮಂಡಳಿ. ಮಂಡಳಿಯಲ್ಲಿ ಇನ್ನೂ ಕೆಲವರಿದ್ದಾರೆ, ಅವರು ಕಪ್ಪು ತೊಳೆಯುತ್ತಾರೆ. ಅವಳಿಗೆ ಕಂಡದ್ದು ಇಷ್ಟು: ಕೋಟುಗಳ ಮರೆ, ಆರ್ವಿಡ್‌ನ ಕೈ, ತಟ್ಟೆಯಿಂದ ಮೇಲೆದ್ದ ಒಂದು ನೋಟು. ಹಾಡಿನ ಮುಂದಿನ ಚರಣ ಅವಳ ಬಾಯಿಂದ ಹೊರಡಲಿಲ್ಲ. ನಮ್ಮ ಚರ್ಚಿನ ಚರಿತ್ರೆಯಲ್ಲಿ ಅದೇ ಮೊದಲು.

ಮಂಗಳವಾರ ಪಾಸ್ಟರರ ಕೋಣೆಯಲ್ಲಿ ಚರ್ಚಿನ ಸಮಿತಿ ಸೇರಿತು. ಲವಾನ್ ಕಂಡದ್ದನ್ನು ಹೇಳಿದಳು. ಎಷ್ಟರ ನೋಟು ಎಂದು ಯಾರೋ ಕೇಳಿದರು.

"ಒಂದು ಡಾಲರ್" ಎಂದು ಲವಾನ್ ಕಣ್ಣೊರೆಸಿಕೊಂಡಳು. "ಒಂದೇ ಒಂದು ಡಾಲರ್, ಪಾಸ್ಟರ್."

ಆರ್ವಿಡ್ ಐವತ್ತರ ನೋಟು ಎತ್ತಿದ್ದರೆ ಶೆರೀಫನನ್ನು ಕರೆಸುತ್ತಿದ್ದೆವು. ಇಪ್ಪತ್ತಾದರೆ ತಟ್ಟೆ ಕಿತ್ತುಕೊಳ್ಳುತ್ತಿದ್ದೆವು. ಒಂದು ಡಾಲರಿಗಾಗಿ ದೇವರ ತಟ್ಟೆಗೆ ಕೈ ಹಾಕುವವನ ಮನೆಯ ಒಲೆ ಹೇಗಿರಬೇಡ ಎಂದು ಯೋಚಿಸಿ ಎಲ್ಲರ ಎದೆಯೂ ಒಡೆಯಿತು. ಖಜಾಂಚಿ ಲಾಫ್‌ಗ್ರೆನ್ ಮಾತ್ರ ಒಂದು ತೊಡಕು ತೆಗೆದ. ಲೆಕ್ಕದ ಪ್ರಕಾರ ಆ ಸಾಲಿನ ಕಾಣಿಕೆ ಕಡಿಮೆಯಾಗಿಲ್ಲ, ಎರಡು ವರ್ಷದಿಂದ ಸ್ವಲ್ಪ ಹೆಚ್ಚೇ ಇದೆ ಎಂದ.

"ನೋಡಿದ್ರಾ ಮತ್ತೆ" ಎಂದಳು ಲವಾನ್. "ಲೆಕ್ಕದಲ್ಲಿ ಗೊತ್ತೇ ಆಗದಷ್ಟು ಕಡಿಮೆ ತಗೋತಿದಾನೆ ಪಾಪ."

ಪಾಸ್ಟರ್ ಕೇರಿನ್ ಹೊಸಬರು, ಶಿಕಾಗೋ ಕಡೆಯವರು. ಆರ್ವಿಡ್‌ನನ್ನೇ ಕರೆದು ಕೇಳಬಹುದಲ್ಲ ಎಂದರು. ಎಲ್ಲರೂ ನಮ್ಮ ನಮ್ಮ ಕಾಫಿ ಕಪ್ಪಿನ ತಳ ನೋಡಿದೆವು. ಪಾಸ್ಟರಿಗೆ ತಾವೇನೋ ಅಸಭ್ಯ ಮಾತಾಡಿದ್ದು ಅರ್ಥವಾಗಿ ಕಿವಿ ಕೆಂಪಾಯಿತು. ಕೊನೆಗೆ ಆದ ನಿರ್ಣಯ ಹೀಗೆ: ಯಾರೂ ಏನೂ ಹೇಳಬಾರದು, ಎಲ್ಲರೂ ಸಹಾಯ ಮಾಡಬೇಕು, ಮಾಡಿದ್ದು ಅವನಿಗೆ ಗೊತ್ತಾಗಬಾರದು, ಹೌಗನ್ ಅಜ್ಜಿಗೆ ಈ ವಯಸ್ಸಿನಲ್ಲಿ ಇಂಥದ್ದನ್ನೆಲ್ಲ ತಿಳಿಸಬಾರದು.

ಬುಧವಾರ ಬೆಳಿಗ್ಗೆ ಸ್ಟೆನ್ಸ್‌ರುಡ್ ದಂಪತಿಯ ಬಾಗಿಲಲ್ಲಿ ಒಂದು ಪಾತ್ರೆ ಹಾಟ್‌ಡಿಶ್ ಇತ್ತು. ಕೈಮ, ಅಣಬೆ ಸೂಪು, ಮೇಲೆ ಆಲೂಗಡ್ಡೆ ಉಂಡೆಗಳ ಹಾಸು. ಗುರುವಾರ ಎರಡು ಇದ್ದವು. ವಾರ ತುಂಬುವ ಹೊತ್ತಿಗೆ ಫ್ರೀಜರಿನ ಬಾಗಿಲು ಮುಚ್ಚಲಾಗದೆ ಆರ್ವಿಡ್ ಅದಕ್ಕೆ ಕುರ್ಚಿ ಒತ್ತು ಕೊಟ್ಟಿದ್ದ. ಆಮೇಲೆ ಸೌದೆ ಬಂತು. ಹಿಮ ಬಿದ್ದ ರಾತ್ರಿ ಬೆಳಗಾಗುವುದರೊಳಗೆ ಯಾರೋ ಅವನ ಮನೆ ಮುಂದಿನ ದಾರಿ ತೋಡಿ ಹೋಗಿದ್ದರು. ಪೆಟ್ರೋಲ್ ಬಂಕಿನವನು ಟ್ಯಾಂಕು ತುಂಬಿಸಿ, ದುಡ್ಡು ಕೊಡಲು ಹೋದರೆ ಬೆನ್ನು ತಿರುಗಿಸಿಕೊಂಡು ಆಕಾಶ ನೋಡಿದ.

ಇದೆಲ್ಲ ಹೆಂಡತಿ ಮಾರ್ಲಿಸ್‌ಳ ಮೊಣಕಾಲಿಗಾಗಿ ಎಂದುಕೊಂಡ ಆರ್ವಿಡ್. ಬೇಸಿಗೆಯಲ್ಲಿ ಅವಳಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ನಮ್ಮೂರಿನವರು ಸ್ವಲ್ಪ ತಡವಾಗಿ ಎಚ್ಚೆತ್ತಿದ್ದಾರೆ, ಅಷ್ಟೇ. ಆದರೆ ಮಾರ್ಲಿಸ್ ಬುದ್ಧಿವಂತೆ. ಹಾಟ್‌ಡಿಶ್ ಒಂದು ಬಂದರೆ ಮಗು ಹುಟ್ಟಿದೆ, ಮೂರು ಬಂದರೆ ಆಪರೇಷನ್ ಆಗಿದೆ, ಫ್ರೀಜರ್ ತುಂಬಿದರೆ ಆ ಮನೆಯಲ್ಲಿ ಒಬ್ಬರು ಸ್ವರ್ಗಕ್ಕೆ ಹೊರಟಿದ್ದಾರೆ ಎಂದು ಅರ್ಥ. ಅವಳು ತಾನು ಹೊರಟಿಲ್ಲ ಎಂದು ತಿಳಿದವಳು. ಹಾಗಾದರೆ ಉಳಿದವನು ಒಬ್ಬನೇ.

ಇಡೀ ಊರಿಗೆ ಗೊತ್ತಿದೆ, ನನಗೊಬ್ಬಳಿಗೆ ಹೇಳಿಲ್ಲ ಎಂದು ಅವಳು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಲವತ್ತು ವರ್ಷ ಬಯ್ದ ಬಾಯಿಂದ ಬಯ್ಗುಳ ನಿಂತಿತು. ಟಿ.ವಿ. ರಿಮೋಟ್ ಅವನ ಕೈಗೆ ಕೊಟ್ಟಳು. ಇದರಿಂದ ಆರ್ವಿಡ್ ನಿಜವಾಗಿ ಹೆದರಿದ. ಇವಳಿಗೇ ಏನೋ ಆಗಿದೆ, ಮೊಣಕಾಲಿನ ಡಾಕ್ಟರು ಹೇಳದೆ ಮುಚ್ಚಿಟ್ಟಿದ್ದಾರೆ ಎಂದುಕೊಂಡು ಅವನೂ ಮೃದುವಾದ. ಇಬ್ಬರೂ ಒಬ್ಬರಿಗೊಬ್ಬರು ಕಂಬಳಿ ಹೊದಿಸುತ್ತಾ, ಒಬ್ಬರ ಉಸಿರನ್ನು ಒಬ್ಬರು ಆಲಿಸುತ್ತಾ ಡಿಸೆಂಬರ್ ಕಳೆದರು. ಮದುವೆಯಾದ ಹೊಸದರಲ್ಲೂ ಅಷ್ಟು ಅನ್ಯೋನ್ಯವಾಗಿರಲಿಲ್ಲ.

ಜನವರಿಯಲ್ಲಿ ಮಾರ್ಲಿಸ್ ತಡೆಯಲಾರದೆ ಅವನನ್ನು ಡಾಕ್ಟರ ಬಳಿ ಅಟ್ಟಿದಳು. ಡಾಕ್ಟರು ನಮ್ಮ ಚರ್ಚಿನವರೇ. ಎದೆ, ಬೆನ್ನು, ನಾಲಿಗೆ ಎಲ್ಲ ನೋಡಿ ಕುದುರೆಯ ಹಾಗಿದ್ದೀಯ ಎಂದರು. ಹೊರಡುವಾಗ ಭುಜ ಹಿಡಿದು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತರು.

ಮನೆಯಲ್ಲಿ ಮಾರ್ಲಿಸ್ ಕೋಟು ಬಿಚ್ಚಲೂ ಬಿಡಲಿಲ್ಲ. "ಏನಂದ್ರು? ನಿಜ ಹೇಳು."

"ಏನೂ ಇಲ್ಲ, ಚೆನ್ನಾಗಿದ್ದೀಯ ಅಂದ್ರು."

"ಬಿಲ್ ಎಷ್ಟಾಯ್ತು?"

"ತಗೊಳ್ಲಿಲ್ಲ."

ಮಾರ್ಲಿಸ್ ಗೋಡೆ ಹಿಡಿದುಕೊಂಡು ಕೂತುಬಿಟ್ಟಳು. ಅಮೆರಿಕದಲ್ಲಿ ಡಾಕ್ಟರು ಬಿಲ್ ಮಾಡಲಿಲ್ಲ ಎಂದರೆ ಇನ್ನು ಪಾಸ್ಟರನ್ನು ಕರೆಯುವುದೊಂದೇ ಬಾಕಿ. ಅದೇ ಸಂಜೆ ಪಾಸ್ಟರ್ ತಾವಾಗಿಯೇ ಬಂದು, ಏನಾದರೂ ಹೇಳಿಕೊಳ್ಳುವುದಿದ್ದರೆ ನನ್ನ ಬಾಗಿಲು ಸದಾ ತೆರೆದಿದೆ ಎಂದು ಹೇಳಿ, ಒಂದು ಬಾಳೆಹಣ್ಣಿನ ಕೇಕು ಇಟ್ಟು ಹೋದರು.

ಅದರ ಮೇಲೆ ಲಾಫ್‌ಗ್ರೆನ್ ಬಂದ. ಅವನ ಮನಸ್ಸೂ ಕರಗಿತ್ತು ಎನ್ನುವುದನ್ನು ಒಪ್ಪಲೇಬೇಕು. ಟೊಪ್ಪಿ ತೆಗೆದು ಬಾಗಿಲಲ್ಲೇ ನಿಂತು, ಅದೂ ಇದೂ ಮಾತಾಡಿ, ಕೊನೆಗೆ, "ನಿನ್ನ ನೀಲಿ ನೋಟಿನ ಆಲ್ಬಮ್ ಏನಾದ್ರೂ ಕೊಡೋ ಯೋಚನೆ ಇದ್ರೆ ನಾನು ತಗೋತೀನಿ. ಒಳ್ಳೇ ಬೆಲೆಗೆ" ಎಂದ. ಪಾಪದವನಿಗೆ ನಾಲ್ಕು ಕಾಸು ಸಿಗಲಿ ಎಂದು ಅವನ ಉದ್ದೇಶ. ಆರ್ವಿಡ್‌ಗೆ ಮಾತ್ರ ನೆತ್ತಿಗೆ ನೆತ್ತರೇರಿತು. ಬೈಬಲ್ಲಿನ ಗುರುತು ಎಂದವನು ಈಗ ಒಳ್ಳೆ ಬೆಲೆ ಎನ್ನುತ್ತಿದ್ದಾನೆಂದರೆ ಕಟ್ಟಿನ ವಾಸನೆ ಹಿಡಿದಿದ್ದಾನೆ. ಬಾಗಿಲನ್ನು ಅವನ ಮೂಗಿನ ತುದಿಗೆ ತಾಗುವ ಹಾಗೆ ಹಾಕಿದ. ಲಾಫ್‌ಗ್ರೆನ್ ಮರುದಿನ ನಮಗೆಲ್ಲ ಹೇಳಿದ್ದು, ಬಡತನ ಮನುಷ್ಯನನ್ನು ಎಷ್ಟು ಕಹಿ ಮಾಡುತ್ತದೆ ನೋಡಿ ಎಂದು.

ಇಷ್ಟಾದರೂ ಭಾನುವಾರಗಳು ಕೆಟ್ಟಿರಲಿಲ್ಲ. ಈಗ ಅವೂ ಕೆಟ್ಟವು. ಸಭೆಯವರು ತಾವಾಗಿಯೇ ಒಂದು ಉಪಾಯ ಕಂಡುಕೊಂಡಿದ್ದರು. ಆರ್ವಿಡ್‌ನ ಸಾಲಿನಲ್ಲಿ ಕೂರುವುದಕ್ಕೆ ಜನ ಬೇಗ ಬರತೊಡಗಿದರು. ಚೆಕ್ಕು ಬರೆಯುವವರು ಚೆಕ್ಕಿನ ಜೊತೆಗೆ ಒಂದೊಂದರ ಒಂದಿಷ್ಟು ನೋಟು ಹಾಕಿದರು, ಅದೂ ಅವನ ಹೆಬ್ಬೆರಳಿಗೆ ಸುಲಭವಾಗಿ ಸಿಗುವಂತೆ ತಟ್ಟೆಯ ಅಂಚಿಗೆ. ನಾನು ನನ್ನ ಸಾಲು ಬಿಟ್ಟು ಅವನ ತಟ್ಟೆಗೆ ಹಾಕಿ ಬರುತ್ತಿದ್ದೆ. ಅವನು ಹಿಂದಿನ ಮೂಲೆಗೆ ಹೋಗುವ ಹೊತ್ತಿಗೆ ಎಲ್ಲರೂ ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದೆವು. ಅಟ್ಟದ ಮೇಲಿನವರು ಅಟ್ಟದ ಸೂರು ನೋಡಿ ಹಾಡುತ್ತಿದ್ದರು. ಅವನು ನಾಚಿಕೆಯಿಲ್ಲದೆ ಬೇಕಾದಷ್ಟು ತೆಗೆದುಕೊಳ್ಳಲಿ ಎಂದು ಹಾಡಿನ ಕೊನೆಯ ಚರಣವನ್ನು ಎರಡು ಸಲ ಹೇಳಬೇಕೆಂದು ಲವಾನ್ ಕಟ್ಟುಮಾಡಿದಳು.

ಅವನ ಪಾಡು ಹೇಳತೀರದು. ಒಂದರ ನೋಟುಗಳ ಆ ಗುಡ್ಡೆಯ ಅಡಿಯಲ್ಲೆಲ್ಲೋ ಅಜ್ಜಿಯ ನೀಲಿ ಮುದ್ರೆ ಹೂತುಹೋಗಿರುತ್ತಿತ್ತು. ಮಡಿಕೆ ಬೀಳುವ ಮೊದಲು ಅದನ್ನು ಹೊರಗೆ ತೆಗೆಯಬೇಕು. ಮೊದಲು ಎರಡು ಬೆರಳು ಸಾಕಾಗುತ್ತಿದ್ದಲ್ಲಿ ಈಗ ಮೊಣಕೈವರೆಗೆ ಕೈ ಹಾಕಿ ಕೆದಕಬೇಕಾಯಿತು. ಬೆವರುತ್ತಿದ್ದ. ಒಂದು ಸಲ ತಟ್ಟೆಯನ್ನೇ ಕೋಟುಗಳ ಹಿಂದೆ ನೆಲಕ್ಕೆ ಸುರಿದು, ಮಂಡಿಯೂರಿ ಹುಡುಕಿದ. ಎರಡು ಸಲ ಸಾಲದೆ ಅವತ್ತು ಕೊನೆಯ ಚರಣವನ್ನು ಮೂರನೆಯ ಸಲವೂ ಹಾಡಿದೆವು. ಲವಾನ್‌ಳ ಕಣ್ಣಿಂದ ನೀರು ಹರಿಯಿತು.

ಫೆಬ್ರವರಿಯಲ್ಲಿ ಮಾರ್ಲಿಸ್ ಅವನ ಕರಿಯ ಕೋಟನ್ನು ಇಸ್ತ್ರಿಗೆ ಕೊಟ್ಟು ಬಂದಳು. ಶವಪೆಟ್ಟಿಗೆಯಲ್ಲಿ ಯಾವ ಟೈ ಇಷ್ಟ ಎಂದು ಕೇಳುವುದಕ್ಕೆ ಬಾಯಿ ಬಾರದೆ, ನೀಲಿಯದೋ ಕಂದು ಬಣ್ಣದ್ದೋ ಎಂದು ಮಾತ್ರ ಕೇಳಿದಳು. ಪ್ರದರ್ಶನಕ್ಕೆ ಕೇಳುತ್ತಿದ್ದಾಳೆ ಎಂದುಕೊಂಡು ಅವನು, "ನೀಲಿ. ಅವತ್ತು ಇಡೀ ಊರು ನನ್ನ ನೋಡೋಕೆ ಬರತ್ತೆ" ಎಂದ. ಮಾರ್ಲಿಸ್ ಹೋ ಎಂದು ಅಳತೊಡಗಿದಳು. ಅಳುವಿನ ನಡುವೆ ಎಲ್ಲ ಹೊರಬಿತ್ತು. ಆರ್ವಿಡ್ ಕೇಳುತ್ತಾ ಕೇಳುತ್ತಾ ಕುರ್ಚಿಯಲ್ಲಿ ಕುಸಿದ. ತಾನು ಸಾಯುತ್ತಿಲ್ಲ, ಅವಳೂ ಸಾಯುತ್ತಿಲ್ಲ ಎಂದಾದ ಮೇಲೆ ಉಳಿದದ್ದು ಒಂದೇ ಪ್ರಶ್ನೆ: ಹಾಗಾದರೆ ಊರು ಇಷ್ಟೆಲ್ಲ ತಂದು ಸುರಿಯುತ್ತಿರುವುದು ಯಾಕೆ? ಅವನು ಹಾಸಿಗೆಯ ಕೆಳಗಿನಿಂದ ಆಲ್ಬಮ್ ತಂದು ತೊಡೆಯ ಮೇಲಿಟ್ಟು ಮೂರನೆಯ ಬೆಂಚಿನ ಕಥೆ ಹೇಳಿದ. ಮಾರ್ಲಿಸ್‌ಗೆ ಒಂದೇ ಕ್ಷಣದಲ್ಲಿ ಎಲ್ಲ ಹೊಳೆಯಿತು. ಅವಳು ಬುದ್ಧಿವಂತೆ ಎಂದು ಆಗಲೇ ಹೇಳಿದ್ದೇನೆ.

"ಅಯ್ಯೋ ನಿನ್ನ. ಅವರು ನೀನು ತಿನ್ನೋಕೆ ಗತಿಯಿಲ್ಲದೆ ಕದೀತಿದೀಯ ಅಂದ್ಕೊಂಡಿದಾರೆ ಕಣೋ."

ಆರ್ವಿಡ್ ಫ್ರೀಜರಿಗೆ ಒತ್ತು ಕೊಟ್ಟ ಕುರ್ಚಿಯನ್ನೇ ನೋಡಿದ.

ಬರುವ ಭಾನುವಾರ ಎದ್ದು ನಿಂತು ಎಲ್ಲರ ಮುಂದೆ ಹೇಳಿಬಿಡು ಎಂದಳು ಮಾರ್ಲಿಸ್. ಆಗ ಅವನು ಹೆಂಡತಿಯ ಕೈ ಹಿಡಿದುಕೊಂಡ. ಇಷ್ಟು ವರ್ಷದ ಸಂಸಾರದಲ್ಲಿ ಅವಳಲ್ಲಿ ಏನನ್ನೂ ಬೇಡಿರಲಿಲ್ಲ.

"ಇನ್ನು ಏಳೇ ಏಳು ನೋಟು, ಮಾರ್ಲಿಸ್. ಈಗ ಹೇಳಿದ್ರೆ ಲಾಫ್‌ಗ್ರೆನ್ ನಾಳೇನೇ ಅಜ್ಜಿ ಮನೇಲಿರ್ತಾನೆ. ಈಸ್ಟರ್‌ವರೆಗೆ ಕಳ್ಳ ಆಗಿದ್ಬಿಡ್ತೀನಿ. ಆಮೇಲೆ ಅವರ ಪಾತ್ರೆಗಳನ್ನೆಲ್ಲಾ ನಾನೇ ತೊಳೆದು ವಾಪಸ್ ಕೊಟ್ಟು ಬರ್ತೀನಿ, ಮನೆಮನೆಗೂ ಹೋಗಿ ನಿಜ ಹೇಳ್ತೀನಿ."

ಮಾರ್ಲಿಸ್ ಅವನ ಮುಖ ನೋಡಿದಳು. ಹತ್ತು ವಾರ ಸತ್ತೇಹೋಗುತ್ತಾನೆ ಎಂದುಕೊಂಡಿದ್ದ ಗಂಡ ಅವನು. ಸತ್ತವನಿಗಿಂತ ಕಳ್ಳ ವಾಸಿ ಎನಿಸಿರಬೇಕು. ಹೂಂ ಎಂದಳು. ರಿಮೋಟ್ ಮಾತ್ರ ವಾಪಸ್ ತೆಗೆದುಕೊಂಡಳು.

ಈಸ್ಟರಿಗೆ ಮುಂಚಿನ ಉಪವಾಸದ ಕಾಲದ ಮೊದಲ ಭಾನುವಾರ. ಆರ್ವಿಡ್ ತನ್ನ ಐದರ ನೋಟು ಹಾಕಿ, ತಟ್ಟೆ ಹಿಡಿದು, ಮೂರನೆಯ ಬೆಂಚಿಗೆ ಬಂದ. ಹೌಗನ್ ಅಜ್ಜಿ ತಟ್ಟೆಗೆ ಏನೂ ಹಾಕಲಿಲ್ಲ. ಅವನ ಮೊಣಕೈ ತಟ್ಟಿ ನಕ್ಕು, ಮುಂದೆ ಹೋಗು ಎಂದು ಸನ್ನೆ ಮಾಡಿದಳು. ಆ ಸಾಲು ಮುಗಿಸಿ ಬಂದ ಅವನ ಮುಖ ನಾನು ನೋಡಿದೆ. ಹಿಂದಿನ ಮೂಲೆಯಲ್ಲಿ ತಟ್ಟೆಯನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ನಾವು ಕೊನೆಯ ಚರಣವನ್ನು ಮೂರು ಸಲ ಹಾಡಿದೆವು. ಅವನು ಏನನ್ನೂ ಮುಟ್ಟಲಿಲ್ಲ.

ಪ್ರಾರ್ಥನೆಯ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ. ಅಜ್ಜಿ ಕೋಲೂರಿಕೊಂಡು ನೇರ ಅವನಿದ್ದ ಮೇಜಿಗೆ ಬಂದಳು. ಯಾರೋ ಅಂಗಡಿಯಲ್ಲಿ ಅವಳಿಗೆ ಆರ್ವಿಡ್‌ನ ವಿಷಯ ಹೇಳಿಬಿಟ್ಟಿದ್ದರು. ಕಿವಿ ಮಂದವಾದವರಿಗೆ ಗುಟ್ಟು ಹೇಳಬೇಕಾದರೆ ಕಿರುಚಬೇಕು. ಹಾಗಾಗಿ ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸಿತ್ತು. ಅವಳು ತಾನು ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಮಾತಾಡಿದ್ದು ನೆಲಮಾಳಿಗೆಯ ನಾಲ್ಕು ಮೂಲೆಗೂ ಮುಟ್ಟಿತು.

"ಆರ್ವಿಡ್, ಮಗು, ನಿಂಗೆ ಕಷ್ಟ ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲೋ. ಪಾಲ್ಮರ್ ದುಡ್ಡು ಇನ್ನೂ ಏಳು ಉಳಿದಿತ್ತು. ವಾರಕ್ಕೊಂದು ಅಂತ ಯಾಕೆ ಕಾಯಿಸೋದು? ಅವೋ ಮುದಿ ನೋಟು, ನೀಲಿ ಬಣ್ಣ. ಅಂಗಡೀಲಿ ಕೊಟ್ರೆ ನಿನ್ನ ಅನುಮಾನದಿಂದ ನೋಡ್ತಾರೆ. ಅದಕ್ಕೆ ಶುಕ್ರವಾರ ಆ ಚಳೀಲಿ ಬ್ಯಾಂಕಿಗೆ ಹೋಗಿ ಹೊಸದು ಮಾಡಿಸ್ಕೊಂಡು ಬಂದೆ."

ಕೈಚೀಲದಿಂದ ತೆಗೆದು ಅವನ ಅಂಗೈಯಲ್ಲಿಟ್ಟಳು. ಗರಿಗರಿಯಾದ ಏಳು ಹಸಿರು ನೋಟು. ಸುತ್ತಲೂ ಹಳದಿಯಾದ ಒಂದು ಕಾಗದದ ಪಟ್ಟಿ, ಏಳು ನೋಟಿಗೆ ಸಡಿಲವಾಗದಂತೆ ತುದಿ ಮಡಚಿ ಪಿನ್ನು ಚುಚ್ಚಿತ್ತು. ಪಟ್ಟಿ ಗಟ್ಟಿ ಇತ್ತು, ಬಿಸಾಕೋಕೆ ಮನಸ್ಸು ಬರಲಿಲ್ಲ ಎಂದಳು ಅಜ್ಜಿ.

ಆರ್ವಿಡ್ ಆ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿದ. ಪಿನ್ನು ಚುಚ್ಚಿದ ತೂತನ್ನು ಸವರಿದ. ಅವನ ಉದ್ದ ಕುತ್ತಿಗೆ ಮೆಲ್ಲಗೆ ಮುಂದಕ್ಕೆ ಬಾಗಿತು, ಕನ್ನಡಕ ಜಾರಿ ಕಾಫಿಗೆ ಬಿತ್ತು, ಅವನು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ. ಅಂಥ ಅಳುವನ್ನು ನಾನು ನಮ್ಮೂರಿನಲ್ಲಿ ಹೆಣದ ಮನೆಯಲ್ಲೂ ಕೇಳಿಲ್ಲ. ಲವಾನ್ ಅತ್ತಳು, ಪಾಸ್ಟರ್ ಅತ್ತರು, ಲಾಫ್‌ಗ್ರೆನ್ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡ. ಮಾರ್ಲಿಸ್ ಒಬ್ಬಳೇ ಗಂಡನ ಬೆನ್ನು ಸವರುತ್ತಾ ಒಣಗಿದ ಕಣ್ಣಿನಿಂದ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

"ಅಳಬೇಡ ಮಗು" ಎಂದಳು ಅಜ್ಜಿ. "ಕೊಟ್ಟೋರಿಗೂ ಸಂತೋಷ ಇರತ್ತೆ."

"ತುಂಬಾ ಉಪಕಾರ ಆಯ್ತು, ಮಿಸೆಸ್ ಹೌಗನ್" ಎಂದ ಆರ್ವಿಡ್. ನಮ್ಮೂರಿನವನಲ್ಲವೇ, ಬೇರೆ ಏನು ಹೇಳಿಯಾನು.

ಸೋಮವಾರ ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಅವನು ಮೆಟ್ಟಿಲ ಮೇಲಿದ್ದ. ಒಳಗೆ ಕೂರುವ ಹುಡುಗಿ ಲವಾನ್‌ಳ ಸೋದರ ಸೊಸೆ. ಹಳೆ ನೋಟುಗಳ ಚೀಲವನ್ನು ಶುಕ್ರವಾರ ಸಂಜೆಯ ವ್ಯಾನು ಸರ್ಕಾರದ ದೊಡ್ಡ ಬ್ಯಾಂಕಿಗೆ ಒಯ್ದಿತ್ತು. ಅಲ್ಲಿ ಏನು ಮಾಡುತ್ತಾರೆ ಎಂದು ಕೇಳಿದ. ಹಳೆಯದನ್ನೆಲ್ಲ ಯಂತ್ರಕ್ಕೆ ಹಾಕಿ ಚೂರು ಮಾಡುತ್ತಾರೆ ಎಂದು ಅವಳು ಹೇಳಿ, ಅವನ ಮುಖ ನೋಡಿ ಕರಗಿ, ಮಕ್ಕಳಿಗೆಂದು ಇಟ್ಟ ಲಾಲಿಪಾಪನ್ನೂ ಸಾಲದಿಂದ ಹೊರಬರುವ ದಾರಿ ತಿಳಿಸುವ ಒಂದು ಚೀಟಿಯನ್ನೂ ಕೈಗಿತ್ತು ಕಳಿಸಿದಳು.

ಅಲ್ಲಿಂದ ಅವನು ನೇರ ನನ್ನ ಮನೆಗೆ ಬಂದು, ಲಾಲಿಪಾಪ್ ಹಿಡಿದುಕೊಂಡೇ ಅಡುಗೆಮನೆಯ ಮೇಜಿನ ಮುಂದೆ ಕೂತು ಎಲ್ಲವನ್ನೂ ಹೇಳಿದ. ಕಾಫಿ ಬೇಕಾ ಎಂದೆ. ಬೇಡ ಎಂದ. ಮತ್ತೆ ಕೇಳಿದೆ. ಎಲ್ಲರಿಗೂ ನಿಜ ಹೇಳಿಬಿಡೋಣವೇ, ನಾನೂ ಜೊತೆಗೆ ಬರುತ್ತೇನೆ ಎಂದೆ. ಅವನು ಬೇಡವೆಂದು ತಲೆಯಾಡಿಸಿದ.

"ನಿಜ ಹೇಳಿದ್ರೆ ಅಜ್ಜಿಗೆ ಗೊತ್ತಾಗತ್ತಲ್ಲ, ತಾನು ಏನು ಮಾಡ್ದೆ ಅಂತ" ಎಂದ. "ಆ ಚಳೀಲಿ ನಡ್ಕೊಂಡು ಹೋಗಿದ್ರಂತೆ ಕಣೋ."

ಪ್ರದರ್ಶನಕ್ಕೆ ಅವನು ಹೋಗಲಿಲ್ಲ. ಲಾಫ್‌ಗ್ರೆನ್‌ನ ಇಂಡಿಯನ್ ನಾಯಕನಿಗೆ ಮೊದಲ ಬಹುಮಾನ ಬಂತು.

ಅದಕ್ಕೆ ಮೊದಲು, ಉಪವಾಸದ ಕಾಲದ ಎರಡನೆಯ ಭಾನುವಾರ, ಆರ್ವಿಡ್ ಎಂದಿನಂತೆ ಬಂದ. ತನ್ನ ಐದರ ನೋಟನ್ನು ತಟ್ಟೆಗೆ ಹಾಕಿದ. ಯಾಕೆ ಇನ್ನೂ ಹಾಕುತ್ತೀಯ ಎಂದು ನಾನು ಕಣ್ಣಲ್ಲೇ ಕೇಳಿದೆ, ಅವನು ನೋಡಲಿಲ್ಲ. ಮೂರನೆಯ ಬೆಂಚಿನಲ್ಲಿ ಹೌಗನ್ ಅಜ್ಜಿ ಹೊಸ ಹಸಿರು ನೋಟೊಂದನ್ನು ಹಾಕಿ ಅವನ ಕೈ ತಟ್ಟಿದಳು. ಅವನು ಹಿಂದಿನ ಮೂಲೆಗೆ ಬಂದು, ಕೋಟುಗಳ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಕೈ ಅಲುಗಲಿಲ್ಲ. ಕೊನೆಯ ಚರಣವನ್ನು ಒಂದೇ ಸಲ ಹಾಡಿ ಮುಗಿಸಿದೆವು.

ಮೆಟ್ಟಿಲಿಳಿದು ಬಂದ ಲವಾನ್ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು. ಅವಳ ಮುಖ ಹಬ್ಬದ ದಿನದಂತೆ ಬೆಳಗುತ್ತಿತ್ತು.

"ನೋಡಿದ್ಯಾ ಎಲ್ಡನ್?" ಎಂದಳು. "ಒಂದನ್ನೂ ಮುಟ್ಲಿಲ್ಲ. ಅಂತೂ ಸುಧಾರಿಸ್ಕೊಂಡ."